ಸಾಸಿವೆಯಷ್ಟು ಕನ್ನಡಿ, ಹಲಸೂರಿನ ಲೋಬಾನ

ಮೊದಲ ದಿನ ನನಗೊಂದು ಕನ್ನಡಿ ತೋರಿಸಿದರು. ಅದು ನನಗೆ ಕಾಣಲೇ ಇಲ್ಲ.

"ಎಲ್ಲಿ ಐತಿ?" ಎಂದು ಕೇಳಿದೆ. ಶಬಾನಾ ಎಂಬ ಸಂಶೋಧನಾ ವಿದ್ಯಾರ್ಥಿನಿ ಬಿಳಿ ತಟ್ಟೆಯ ಮೇಲೆ ಚಿಮಟದ ತುದಿ ಹಿಡಿದು, "ಇಲ್ಲಿ ಸಿಸ್ಟರ್, ಇಲ್ಲಿ. ಜೋರಾಗಿ ಉಸಿರು ಬಿಡ್ಬೇಡಿ, ಹಾರಿಹೋಗುತ್ತೆ" ಎಂದಳು. ಸಾಸಿವೆ ಕಾಳಿನಷ್ಟು ಏನೋ ಹೊಳೆಯಿತು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ಮೇಲೆ ಗೊತ್ತಾಯಿತು: ದುಂಡನೆಯ ಒಂದು ಕನ್ನಡಿ, ಕೂದಲಿಗಿಂತ ತೆಳುವಾದ ಎರಡು ತೋಳುಗಳ ನಡುವೆ ತೂಗುತ್ತಿತ್ತು. ಶಬಾನಾ ಸ್ವಿಚ್ ಒತ್ತಿದಳು. ಕನ್ನಡಿ ಆ ಕಡೆ ಈ ಕಡೆ ವಾಲಾಡತೊಡಗಿತು. ಮೊದಲು ನಿಧಾನವಾಗಿ, ಆಮೇಲೆ ಎಷ್ಟು ವೇಗವಾಗಿ ಎಂದರೆ ನಿಂತೇ ಇದೆಯೇನೋ ಎನ್ನುವಷ್ಟು.

ಮುಖ ನೋಡಿಕೊಳ್ಳಲಾಗದ ಕನ್ನಡಿ. ಒಂದು ಗಳಿಗೆ ಸುಮ್ಮನಿರದ ಕನ್ನಡಿ. ಅಂಥದ್ದನ್ನು ಕಾಯುವ ಕೆಲಸಕ್ಕೆ ನಾನು ಗದಗಿನಿಂದ ಬೆಂಗಳೂರಿಗೆ ಬಂದಿದ್ದೆ.

ನಾನು ನರ್ಸ್. ಇಡೀ ಸರ್ವಿಸನ್ನು ಒಂದೇ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಕಳೆದವಳು. ನಿವೃತ್ತಿಯಾದ ಮೇಲೆ ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿದ್ದೆ. ಅಭ್ಯಾಸದಂತೆ ಐದಕ್ಕೆ ಏಳುತ್ತಿದ್ದೆ, ಸ್ನಾನ ಮಾಡುತ್ತಿದ್ದೆ, ಆರಕ್ಕೆಲ್ಲ ಸೀರೆಯ ನೆರಿಗೆ ಸರಿಮಾಡಿಕೊಂಡು ತಯಾರಾಗಿ ಕೂರುತ್ತಿದ್ದೆ. ಹೋಗಲು ಜಾಗವಿರಲಿಲ್ಲ. ಹಾಗಿರುವಾಗ ನಮ್ಮ ಆಸ್ಪತ್ರೆಯಲ್ಲಿ ಹಿಂದೆ ಸರ್ಜನ್ ಆಗಿದ್ದ ದೇಸಾಯಿ ಡಾಕ್ಟರು ಬೆಂಗಳೂರಿನಿಂದ ಫೋನ್ ಮಾಡಿದರು.

"ಸಿಸ್ಟರ್, ಇಲ್ಲೊಂದು ಸಣ್ಣ ಪ್ರಯೋಗಶಾಲೆ ಐತ್ರಿ. ಹುಡುಗರು ಭಾಳ ಶಾಣ್ಯಾರು, ಆದ್ರ ಕೋಣಿ ನೋಡಿದ್ರ ಸಂತಿ ಆಗೇತಿ. ಧೂಳು ಬಿದ್ರ ಇವರ ಸಾಮಾನೆಲ್ಲಾ ಹಾಳು. ಮೂರು ತಿಂಗಳು ಬಂದು ನೋಡ್ರಿ. ಹಿಡಿಸಲಿಲ್ಲ ಅಂದ್ರ ಬಸ್ಸು ಇದ್ದ ಐತಿ."

"ಸಾಮಾನು ಅಂದ್ರ ಏನ್ರಿ?"

"ಬಾಯಾಗ ನೋಡೂ ಕೊಳವಿ. ಕೊಯ್ಯದ ನೋಡೂದು."

ಆ ಮಾತಿಗೆ ಒಪ್ಪಿಕೊಂಡೆ. ಗುಟ್ಕಾ ಜಗಿದು ಬಾಯಿ ತೆರೆಯಲಾಗದೆ ಬಂದವರ ತಲೆಯನ್ನು ಎಷ್ಟೋ ವರ್ಷ ನನ್ನ ಎರಡು ಕೈಯಲ್ಲಿ ಹಿಡಿದಿದ್ದೇನೆ. ಪರೀಕ್ಷೆಗೆಂದು ಕೆನ್ನೆಯ ಒಳಗಿನಿಂದ ಚೂರು ಮಾಂಸ ತೆಗೆಯಬೇಕು ಎಂದ ಕೂಡಲೇ ಹೆದರಿ ಎದ್ದು ಹೋಗುವವರು. ತಿರುಗಿ ಬರುವಷ್ಟರಲ್ಲಿ ಕಾಲ ಮಿಂಚಿರುತ್ತಿತ್ತು. ಪೆನ್ನಿನಷ್ಟು ದಪ್ಪದ ಕೊಳವೆಯ ತುದಿಯಲ್ಲಿ ಈ ಸಾಸಿವೆ ಕನ್ನಡಿ ಕೂತು ಬೆಳಕಿನ ಗೆರೆಯನ್ನು ಸುಣ್ಣದ ಕುಂಚದಂತೆ ಕೆನ್ನೆಯೊಳಗೆ ಆಡಿಸಿದರೆ, ಮರಳಿ ಬಂದ ಬೆಳಕಿನಿಂದ ಕಂಪ್ಯೂಟರು ಚಿತ್ರ ಕಟ್ಟುತ್ತದೆ. ಮೇಲಿನ ಚರ್ಮವಷ್ಟೇ ಅಲ್ಲ, ಅದರ ಕೆಳಗಿನ ಪದರವೂ ಕಾಣುತ್ತದೆ. ಕತ್ತರಿ ಬೇಡ.

ಪ್ರಯೋಗಶಾಲೆ ಇದ್ದದ್ದು ಹಲಸೂರಿನಲ್ಲಿ, ಹಳೆ ಮದ್ರಾಸು ರಸ್ತೆಯಿಂದ ಒಳಗಿನ ಗಲ್ಲಿಯಲ್ಲಿ, ಬೈಕಿನ ಬಿಡಿಭಾಗಗಳ ಅಂಗಡಿಯ ಮೇಲಿನ ಮಹಡಿಯಲ್ಲಿ. ನನಗೆ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಕೋಕಿಲಮ್ಮ ಎಂಬಾಕೆಯ ಮನೆಯ ಮೇಲೊಂದು ಕೋಣೆ ಸಿಕ್ಕಿತು. ಗದಗಿನಲ್ಲಿ ಮನೆ ಎಂದರೆ ಅಂಗಳ, ಬಾಗಿಲಿಗೆ ನೀರು, ಎದುರು ಮನೆಯವರ ಕುಶಲ ವಿಚಾರಣೆ. ಇಲ್ಲಿ ಕಿಟಕಿ ತೆರೆದರೆ ಕೈಗೆ ತಾಗುವುದು ಪಕ್ಕದ ಮನೆಯ ಗೋಡೆ. ಬೆಳಗಿನ ಜಾವ ಮಸೀದಿಯ ಆಜಾನ್, ಅದರ ಹಿಂದೆ ಗುಡಿಯ ಮೈಕು, ಇಗರ್ಜಿಯ ಗಂಟೆ, ಮಿಲಿಟರಿಯವರ ಕಡೆಯಿಂದ ಬ್ಯೂಗಲ್. ಇವುಗಳಲ್ಲಿ ನನ್ನ ಮನಸ್ಸಿಗೆ ಮೊದಲು ಹತ್ತಿರವಾದದ್ದು ಬ್ಯೂಗಲ್. ಊದುವ ಹೊತ್ತು ತಪ್ಪುತ್ತಿರಲಿಲ್ಲ.

ಟ್ರಂಕನ್ನು ಬಿಚ್ಚಲಿಲ್ಲ. ಮೇಲಿನ ನಾಲ್ಕು ಸೀರೆಗಳನ್ನು ಸರದಿಯಂತೆ ಉಡುವುದು, ಒಗೆದು ಮತ್ತೆ ಟ್ರಂಕಿನಲ್ಲೇ ಇಡುವುದು. ಮೂರು ತಿಂಗಳಿಗೆ ಗೋಡೆಗೆ ಮೊಳೆ ಹೊಡೆಯುವುದೇಕೆ ಎಂದುಕೊಂಡೆ, ಫೋನಿನಲ್ಲಿ ವಿಚಾರಿಸಿದ ದೇಸಾಯಿ ಡಾಕ್ಟರಿಗೂ ಅದನ್ನೇ ಹೇಳಿದೆ.

ಮಾತಿನದ್ದು ಇನ್ನೊಂದು ಪಾಡು. ಬೆಂಗಳೂರಿಗೆ ಹೋಗುತ್ತಿದ್ದೇನೆ, ಕನ್ನಡಕ್ಕೇನು ಕೊರತೆ ಎಂದು ಬಂದವಳು ನಾನು. ಈ ದಂಡು ಪ್ರದೇಶದಲ್ಲಿ ತರಕಾರಿಗೆ ತಮಿಳು, ಮಾಂಸಕ್ಕೆ ದಖನಿ ಉರ್ದು, ಬ್ಯಾಂಕಿಗೆ ಇಂಗ್ಲಿಷು. ಕನ್ನಡ ಇತ್ತು, ಆದರೆ ನನ್ನ ಕನ್ನಡ ಅಲ್ಲ. "ಎಷ್ಟಕ್ಕ ಕೊಡ್ತಿಯಪಾ, ಸರಿಯಾಗಿ ಹೇಳು" ಎಂದರೆ ಅಂಗಡಿಯವನು, "ಯಾಕಮ್ಮಾ ಜಗಳಕ್ಕೆ ಬರ್ತೀರಾ?" ಎನ್ನುತ್ತಿದ್ದ. ನಾನು ಪ್ರೀತಿಯಿಂದಲೇ ಕೇಳಿರುತ್ತಿದ್ದೆ. ಕೋಕಿಲಮ್ಮನಿಂದ "ಪರವಾಯಿಲ್ಲೆ" ಕಲಿತೆ. ಪರವಾಗಿಲ್ಲ ಎಂಬುದರ ತಮಿಳು ರೂಪ ಅದು, ಆಕೆ ದಿನಕ್ಕೆ ನೂರು ಸಲ ಹೇಳುವಂಥದ್ದು. ಮಾರ್ಕೆಟ್ಟಿನಿಂದ "ನಕ್ಕೋ" ಕಲಿತೆ. ಬೇಡ ಎಂಬುದಕ್ಕೆ ದಖನಿ ಮಾತು. ನನ್ನಂಥ ಶಿಸ್ತಿನವಳಿಗೆ ಅದು ಬಹಳ ಉಪಯೋಗಕ್ಕೆ ಬಂತು.

ಊಟಕ್ಕೂ ಪರದಾಟ. ಜೋಳ ಹುಡುಕಿಕೊಂಡು ಬಸ್ಸು ಹತ್ತಿ ಕೆ.ಆರ್. ಪುರದ ಸಂತೆಯವರೆಗೆ ಹೋದೆ. ತಂದ ಜೋಳವನ್ನು ಹಲಸೂರಿನ ಗಿರಣಿಯವನು ರಾಗಿಯ ಹಿಂದೆಯೇ ಹಾಕಿಬಿಟ್ಟ. ಹಿಟ್ಟು ಬೂದುಬಣ್ಣಕ್ಕೆ ತಿರುಗಿತ್ತು. ಎರಡನೆಯ ಸಲ ಅಂಗಡಿ ತೆಗೆಯುವ ಮೊದಲೇ ಹೋಗಿ, ಕಲ್ಲು ಒರೆಸಿಸಿ, ಎದುರು ನಿಂತು ಬೀಸಿಸಿಕೊಂಡು ಬಂದೆ. ಮಾರನೆಯ ಬೆಳಗ್ಗೆ ಆರಕ್ಕೆ ರೊಟ್ಟಿ ಬಡಿಯಲು ಕೂತೆ. ನಾಲ್ಕನೆಯ ರೊಟ್ಟಿಗೆ ಕೋಕಿಲಮ್ಮ ಓಡಿ ಬಂದರು.

"ಅಕ್ಕಾ, ಯಾರ್ನ ಹೊಡೀತಿದೀರಾ? ಕೆಳಗೆ ಫ್ಯಾನ್ ಅಲ್ಲಾಡ್ತಿದೆ!"

"ಯಾರ್ನೂ ಇಲ್ಲವಾ. ರೊಟ್ಟಿ. ತಿಂದು ನೋಡು."

ತಿಂದು ನೋಡಿ, ಚಟ್ನಿಪುಡಿಯ ಖಾರಕ್ಕೆ ಕಣ್ಣೊರೆಸಿಕೊಂಡು, "ಪರವಾಯಿಲ್ಲೆ" ಎಂದರು. ಅಂದಿನಿಂದ ಬಡಿಯುವ ದಿನ ಆಕೆಗೆ ಎರಡು ರೊಟ್ಟಿ ಮೀಸಲು. ನನ್ನ ಮೊದಲ ಗೆಲುವು ಅದು. ಆದರೂ ಸಂಜೆಗಳು ಕಳೆಯುತ್ತಿರಲಿಲ್ಲ. ಇಂದಿರಾನಗರದ ಮರದ ಸಾಲುಗಳ ಕೆಳಗೆ ನಡೆಯುತ್ತಿದ್ದೆ, ದೊಮ್ಮಲೂರಿನಲ್ಲಿ ಅರ್ಧಕ್ಕೆ ನಿಂತ ಮೇಲ್ಸೇತುವೆಯ ತನಕ ಹೋಗಿ ತಿರುಗುತ್ತಿದ್ದೆ. ಕೂತರೆ ಊರು, ನಿಂತರೆ ಊರು. ನಡೆಯುತ್ತಿದ್ದರೆ ಸ್ವಲ್ಪ ವಾಸಿ.

ಕೆಲಸದಲ್ಲಿ ಮಾತ್ರ ನಾನು ನಾನಾಗಿದ್ದೆ. ಒಳಕೋಣೆಗೆ ಥಿಯೇಟರಿನ ಕಾನೂನು ತಂದೆ. ಹೊರಗಿನ ಚಪ್ಪಲಿ ಹೊರಗೆ, ಒಳಗಿನದು ಒಳಗೆ. ತಲೆಗೆ ಟೊಪ್ಪಿಗೆ, ಮೈಗೆ ಗೌನು, ಮೂಗಿಗೆ ಮಾಸ್ಕು. ಗೌನು ಹಾಕಿಕೊಂಡವರು ಹೊಸ್ತಿಲು ದಾಟುವಂತಿಲ್ಲ. ಪೌಡರ್ ಇಲ್ಲ, ಮಲ್ಲಿಗೆ ಇಲ್ಲ, ಜೇಬಿನಲ್ಲಿ ಕಡಲೆಕಾಯಿ ಇಲ್ಲ. ಬ್ಲೋವರ್ ಎಂಬ ದೊಡ್ಡ ಫ್ಯಾನು ಸೋಸಿದ ಗಾಳಿಯನ್ನು ಒಳಗೆ ತುಂಬಿ ಧೂಳನ್ನು ಹೊರಗೆ ತಳ್ಳುತ್ತಿತ್ತು. ಅದರ ಸ್ವಿಚ್ಚು ಮುಟ್ಟುವ ಅಧಿಕಾರ ನನಗೊಬ್ಬಳಿಗೆ.

"ಸಿಸ್ಟರ್, ಇನ್ನು ಉಸಿರಾಡೋಕೂ ಪರ್ಮಿಷನ್ ಕೇಳ್ಬೇಕಾ?" ಎಂದಳು ಶಬಾನಾ.

"ಬ್ಯಾಡ. ಮಾಸ್ಕ್ ಹಾಕ್ಕೊಂಡು ಆಡಬಹುದು."

ಶಬಾನಾ ಶಿವಾಜಿನಗರದವಳು. ನಾಲ್ಕು ವರ್ಷದಿಂದ ಈ ಕನ್ನಡಿಗಳ ಹಿಂದೆ ಬಿದ್ದಿದ್ದಳು. ಅವಳ ಮುಖ್ಯಸ್ಥರು ವೆಂಕಟೇಶ್ ಸರ್, ಮೆದು ಮಾತಿನವರು, ಚಿಂತೆಯಾದರೆ ಕನ್ನಡಕ ತೆಗೆದು ಒರೆಸುವವರು. ನಾನು ಬಂದ ಮೇಲೆ ಕೆಡುವ ಕನ್ನಡಿಗಳು ಕಡಿಮೆಯಾದವು. ಆದರೆ ಒಂದು ತೊಂದರೆ ಮಾತ್ರ ಹೋಗಲಿಲ್ಲ. ಪರೀಕ್ಷೆಗೆಂದು ವೀಳ್ಯದೆಲೆಯನ್ನು ಕೊಳವೆಯ ಮುಂದೆ ಹಿಡಿಯುತ್ತಿದ್ದರು. ಎಲೆಯ ನರನರವೂ ತೆರೆಯ ಮೇಲೆ ಮೂಡುತ್ತಿತ್ತು, ನಟ್ಟನಡುವೆ ಮಾತ್ರ ಒಂದು ಬಿಳಿ ಚುಕ್ಕೆ. ಎಲೆ ಬದಲಿಸಿದರೂ ಅದೇ ಚುಕ್ಕೆ, ಅದೇ ಜಾಗ.

ಬೆಂಗಳೂರಿನ ಆಸ್ಪತ್ರೆಯೊಂದರ ಡಾಕ್ಟರುಗಳ ಸಮಿತಿ ಒಂದು ಸೋಮವಾರ ನೋಡಲು ಬರುವುದಿತ್ತು. ಅವರು ಒಪ್ಪಿದರೆ ಮಾತ್ರ ಕೊಳವೆ ರೋಗಿಯ ಬಾಯಿಗೆ ಹೋಗಬಹುದು. ದೇಸಾಯಿ ಡಾಕ್ಟರು ಅದೇ ಸಮಿತಿಯಲ್ಲಿದ್ದರು, ಆದರೆ ಮುಲಾಜಿನವರಲ್ಲ. "ಹುಣ್ಣು ಆ ಚುಕ್ಕಿ ಕೆಳಗ ಇದ್ರ? ನಾನs ಬ್ಯಾಡ ಅಂತೇನಿ" ಎಂದು ಮೊದಲೇ ಹೇಳಿಬಿಟ್ಟಿದ್ದರು. ಬೇಡ ಎಂದರೆ ಕೆಲಸ ಅಲ್ಲಿಗೆ ಮುಗಿಯಿತು. ಶಬಾನಾಳ ನಾಲ್ಕು ವರ್ಷ, ನನ್ನ ಮೂರು ತಿಂಗಳು. ನನಗೇನು, ಟ್ರಂಕು ಕಟ್ಟಿಯೇ ಇತ್ತು. ಒಳಗೊಂದು ಮನಸ್ಸು ಬಸ್ಸಿನ ಹೊತ್ತನ್ನೂ ನೆನಪಿಸುತ್ತಿತ್ತು. ಆದರೆ ವೆಂಕಟೇಶ್ ಸರ್ ಕನ್ನಡಕ ಒರೆಸುತ್ತ, "ಡಸ್ಟ್ ಇರ್ಬಹುದಾ ಸಿಸ್ಟರ್?" ಎಂದು ದಿನವೂ ಕೇಳುತ್ತಿದ್ದರು. ನನ್ನ ಕೋಣೆಯಲ್ಲಿ ಧೂಳು ಎಂಬ ಮಾತು ಹಾಗೇ ಉಳಿದಿರುವಾಗ ಬಸ್ಸು ಹತ್ತುವುದು ನನಗೆ ಆಗದ ಕೆಲಸ.

ನಮ್ಮ ಗಲ್ಲಿಗೆ ಗುರುವಾರ ಸಂಜೆ ಲೋಬಾನದ ಬಾಬಾ ಬರುತ್ತಿದ್ದರು. ಗದಗಿನಲ್ಲಿ ನಾವು ಮನೆಯಲ್ಲಿ ಲೋಬಾನದ ಧೂಪ ಹಾಕುತ್ತೇವೆ, ನಮ್ಮ ಮನೆಗೆ ನಾವು. ಇಲ್ಲಿ ಅದಕ್ಕೆಂದೇ ಒಬ್ಬರು ಬರುತ್ತಾರೆ. ಹಸಿರು ಮುಂಡಾಸು, ಒಂದು ಕೈಯಲ್ಲಿ ಕೆಂಡದ ಬಟ್ಟಲು, ಇನ್ನೊಂದರಲ್ಲಿ ನವಿಲುಗರಿಯ ಬೀಸಣಿಗೆ. ಹಿಂದೂ ಅಂಗಡಿ, ಮುಸ್ಲಿಂ ಅಂಗಡಿ ಎಂದಿಲ್ಲ, ಎಲ್ಲದಕ್ಕೂ ಹೊಗೆ ಹಾಕಿ ಹರಸಿ ಮುಂದೆ ಹೋಗುತ್ತಾರೆ. ಮೊದಲ ಗುರುವಾರ ನಮ್ಮ ಮಹಡಿಗೂ ಹತ್ತಿ ಬಂದರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ನಕ್ಕೋ ಬಾಬಾ, ನಕ್ಕೋ!"

"ನಜರ್, ಕೆಟ್ಟ ದೃಷ್ಟಿ ತೆಗೀತೀನಿ ಅಮ್ಮಾಜೀ. ಎಲ್ಲಾರೂ ಕರೀತಾರೆ, ನೀವು ಓಡಿಸ್ತೀರಲ್ಲಾ!"

"ಇಲ್ಲಿ ನಜರ್‌ಗಿಂತ ಹೊಗೀದs ಅಂಜಿಕಿ."

ಆತ ನಕ್ಕು ಕೆಳಗಿಳಿದರು. ಅಲ್ಲಿಂದಾಚೆ ಮೆಟ್ಟಿಲ ಬುಡದಲ್ಲಿ ನಿಂತು ಎರಡು ಸಲ ಬೀಸಿ, "ಮೇಲೆ ಬರಲ್ಲಮ್ಮಾ, ಹೆದರ್ಬೇಡಿ!" ಎಂದು ಕೂಗಿ ಹೋಗುತ್ತಿದ್ದರು. ಕೆಳಗಿನ ಅಂಗಡಿಯವರಿಗೆ ಅದೊಂದು ತಮಾಷೆ. ನಾನು ಬ್ಲೋವರನ್ನು ಒಂದು ಹಂತ ಏರಿಸಿ ಕೂರುತ್ತಿದ್ದೆ.

ಸಮಿತಿ ಬರುವುದಕ್ಕೆ ಮುಂಚಿನ ಗುರುವಾರ. ಶಬಾನಾ ಕೊಳವೆಯ ಮುಚ್ಚಳ ಬಿಚ್ಚಿ, ಒಳಗಿನ ಜೋಡಣೆಯನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದಳು. ತಯಾರಿದ್ದದ್ದು ಅದೊಂದೇ. ಪರೀಕ್ಷೆಗೆ ಕಣ್ಣಿಗೆ ಕಾಣುವ ಕೆಂಪು ಬೆಳಕು ಬಿಟ್ಟಿದ್ದಳು. ಶುಭ್ರ ಗಾಳಿಯಲ್ಲಿ ಆ ಬೆಳಕು ಬಿದ್ದ ಜಾಗ ಕಾಣುತ್ತದೆ, ಬರುವ ದಾರಿ ಕಾಣುವುದಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ದೀಪ ಆರಿತು. ಬ್ಲೋವರ್ ಉಸಿರು ಬಿಟ್ಟು ನಿಂತಿತು. ಯಂತ್ರಗಳು ಬ್ಯಾಟರಿಯ ಮೇಲೆ ನಡೆಯುತ್ತಿದ್ದವು. ಮೆಟ್ಟಿಲ ಬುಡದಿಂದ ಬಾಬಾನ ಕೂಗು ಕೇಳಿತು, ಹಿಂದೆಯೇ ಲೋಬಾನದ ವಾಸನೆ. ತಳ್ಳುವ ಗಾಳಿ ಇಲ್ಲದ್ದರಿಂದ ಹೊಗೆ ಬಾಗಿಲ ಸಂದಿನಿಂದ ಒಳಗೆ ನುಗ್ಗುತ್ತಿತ್ತು.

ನಾನು ಒದ್ದೆ ಬಟ್ಟೆ ಹಿಡಿದು ಬಾಗಿಲಿಗೆ ಓಡಿದೆ.

"ಸಿಸ್ಟರ್, ಮುಚ್ಬೇಡಿ! ಒಂದ್ನಿಮಿಷ, ಮುಚ್ಬೇಡಿ! ಇಲ್ಲಿ ನೋಡಿ!"

ತಿರುಗಿ ನೋಡಿದೆ. ಕತ್ತಲ ಕೋಣೆಯಲ್ಲಿ ಕನ್ನಡಿಯಿಂದ ಕೆಂಪು ಬೀಸಣಿಗೆಯೊಂದು ಬಿಚ್ಚಿಕೊಂಡಿತ್ತು. ಓಡಾಡುವ ಬೆಳಕು ಹೊಗೆಯಲ್ಲಿ ಹಾಳೆಯಂತೆ ಹರಡಿತ್ತು. ಅದರ ನಟ್ಟನಡುವೆ ಒಂದು ಗೆರೆ ಹೆಚ್ಚು ಹೊಳೆಯುತ್ತಿತ್ತೆ? ಇತ್ತು ಎಂದು ನನಗನಿಸಿತು. ಶಬಾನಾ ಬಗ್ಗಿ ನೋಡುವಷ್ಟರಲ್ಲಿ ಕರೆಂಟು ಬಂತು. ದೀಪ ಹತ್ತಿತು, ಬ್ಲೋವರ್ ಹೊಗೆಯನ್ನು ಒಂದು ಗುಕ್ಕಿನಲ್ಲಿ ಹೊರಗೆ ಹಾಕಿತು.

"ಅಯ್ಯೋ! ನಡುವೆ ಏನೋ ಇತ್ತಲ್ವಾ ಸಿಸ್ಟರ್? ನೀವೂ ನೋಡಿದ್ರಲ್ವಾ?"

"ನೋಡಿದೆ."

"ಇನ್ನೊಂದ್ಸಲ ಹೊಗೆ ಬೇಕು."

ವೆಂಕಟೇಶ್ ಸರ್ ಕನ್ನಡಕ ತೆಗೆದರು. "ಇರೋದು ಒಂದೇ ಸೆಟ್. ಲೆನ್ಸ್ ಮೇಲೆ ಹೊಗೆ ಕೂತ್ರೆ ಸೋಮವಾರ ಏನ್ ತೋರ್ಸೋದು? ಸಿಸ್ಟರ್, ರೂಮು ನಿಮ್ದು. ನೀವು ಹೇಳಿ."

ಇಡೀ ಆಯುಷ್ಯ ಒಳಗೆ ಬರಬೇಡ ಎಂದು ಹೇಳಿದವಳು ನಾನು. ಬಾಗಿಲಲ್ಲಿ ನಿಂತು ಹೊಗೆಯನ್ನು, ನೊಣವನ್ನು, ರೋಗಿಯ ನೆಂಟರನ್ನು ತಡೆದವಳು. ಆದರೆ ಕನ್ನಡಿಯ ಮೇಲೆ ಧೂಳು ಕೂರದಂತೆ ತೆಳು ಗಾಜೊಂದನ್ನು ಹೊದಿಸಿಯೇ ಇತ್ತು. ಕೆಡುವುದಾದರೆ ಲೆನ್ಸು. "ಲೆನ್ಸ್ ನಾ ಒರಸ್ತೇನ್ರಿ" ಎಂದು ಹೇಳಿ ಹೊರಟೆ.

ಬಾಬಾ ಗಲ್ಲಿಯಲ್ಲಿರಲಿಲ್ಲ. ಬಜಾರಿನ ಕಡೆ ಓಡಿದೆ. ಅರ್ಧ ದಾರಿಗೆ ಬಂದ ಮೇಲೆ ಗೊತ್ತಾಯಿತು, ತಲೆಯ ಮೇಲೆ ಟೊಪ್ಪಿಗೆ, ಮೈಮೇಲೆ ಗೌನು, ಕಾಲಲ್ಲಿ ಒಳಕೋಣೆಯ ಚಪ್ಪಲಿ. ಹೂವಿನವಳು ಕೈಯಲ್ಲಿದ್ದ ಮಾಲೆ ಹಾಗೇ ಹಿಡಿದು ನೋಡಿದಳು. ಟೀ ಅಂಗಡಿಯ ಒಬ್ಬ, "ಏನ್ ಗುರು, ಆಪರೇಷನ್ ಅರ್ಧಕ್ಕೆ ಬಿಟ್ಟು ಡಾಕ್ಟ್ರಮ್ಮ ಓಡೋಗ್ತಾವ್ರೆ!" ಎಂದ. "ಪೇಷಂಟ್ ಓಡೋಗಿರ್ಬೇಕು ಮಗಾ" ಎಂದ ಇನ್ನೊಬ್ಬ. ನಾನು ನಿಲ್ಲಲಿಲ್ಲ. ಪಾತ್ರೆ ಅಂಗಡಿಯ ಮುಂದೆ ಹಸಿರು ಮುಂಡಾಸು ಕಂಡಿತು.

ಕರೆಯಲು ನನಗೆ ದಖನಿ ಮಾತು ಗೊತ್ತಿರಲಿಲ್ಲ. ಆತನ ಭಾಷೆಯಲ್ಲಿ ನಾನು ಕಲಿತದ್ದು ಬೇಡ ಎನ್ನುವುದು ಮಾತ್ರ. ಏದುಸಿರು ಬಿಡುತ್ತ, "ಬಾಬಾ, ಬರ್ರಿ. ಮ್ಯಾಲೆ ಬರ್ರಿ" ಎಂದು ಕೈಸನ್ನೆ ಮಾಡಿದೆ.

ಆತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಅಮ್ಮಾಜೀ, ನಕ್ಕೋ ಅಂದ್ರಲ್ಲಾ?"

"ಅಂದಿದ್ದೆ. ಈಗ ಬೇಕು."

"ಎಷ್ಟು ಹಾಕ್ಲಿ?"

"ಇದ್ದಷ್ಟು."

ಮೆಟ್ಟಿಲು ಹತ್ತಿಸಿ ಒಳಕೋಣೆಯ ಹೊಸ್ತಿಲ ಮೇಲೆ ನಿಲ್ಲಿಸಿದೆ. ದೀಪ ಆರಿಸಿದೆ. ಬ್ಲೋವರಿನ ಸ್ವಿಚ್ಚನ್ನು ನನ್ನ ಕೈಯಿಂದಲೇ ಕೆಳಗೆ ಒತ್ತಿದೆ. ಬಾಬಾ ಕೆಂಡಕ್ಕೆ ಲೋಬಾನ ಉದುರಿಸಿ ನವಿಲುಗರಿಯಿಂದ ಬೀಸಿದರು. ಹೊಗೆ ಮೇಜಿನವರೆಗೆ ಹರಿದು ಬಂತು, ಕೆಂಪು ಬೀಸಣಿಗೆ ಮತ್ತೆ ಬಿಚ್ಚಿಕೊಂಡಿತು. ಶಬಾನಾ ಕನ್ನಡಿಯ ವೇಗವನ್ನು ಇಳಿಸಿದಳು. ಹಾಳೆ ಮಡಚಿಕೊಂಡು ಗೆರೆಯಾಯಿತು, ಗೆರೆ ನಿಧಾನವಾಗಿ ಈ ಗೋಡೆಯಿಂದ ಆ ಗೋಡೆಗೆ ಹೋಗಿ ಬರತೊಡಗಿತು. ಆಗ ಕಂಡಿತು. ಅದು ಎಡಕ್ಕೆ ಹೋದಾಗಲೂ ಬಲಕ್ಕೆ ಹೋದಾಗಲೂ ನಡುವೆ ಇನ್ನೊಂದು ಸಣ್ಣ ಗೆರೆ ಅಲುಗದೆ ನಿಂತೇ ಇತ್ತು.

"ಎರಡಿದೆ" ಎಂದಳು ಶಬಾನಾ. "ಓಡಾಡೋದು ಕನ್ನಡಿಯಿಂದ ಬರ್ತಿರೋದು. ನಿಂತಿರೋದು ಗಾಜಿಂದು! ಸರ್, ಮೇಲೆ ಹೊದಿಸಿದೀವಲ್ಲ, ಆ ಗಾಜು. ಸ್ವಲ್ಪ ಬೆಳಕು ಒಳಗೆ ಹೋಗದೆ ಅಲ್ಲಿಂದ್ಲೇ ವಾಪಸ್ ಬರ್ತಿದೆ. ಅದೇ ಚುಕ್ಕೆ. ಡಸ್ಟ್ ಅಲ್ಲ ಸರ್, ಡಸ್ಟ್ ಅಲ್ಲವೇ ಅಲ್ಲ!"

ವೆಂಕಟೇಶ್ ಸರ್ ನನ್ನ ಕಡೆ ತಿರುಗಿದರು. "ಸಾರಿ ಸಿಸ್ಟರ್."

"ಪರವಾಯಿಲ್ಲೆ" ಎಂದೆ. ಅಷ್ಟು ಸಹಜವಾಗಿ ಅದು ಬಾಯಿಗೆ ಬಂದದ್ದಕ್ಕೆ ನನಗೇ ಆಶ್ಚರ್ಯವಾಯಿತು.

ಹೊಸ್ತಿಲಲ್ಲಿದ್ದ ಬಾಬಾ ಬೆಳಕನ್ನು ನೋಡುತ್ತ ಬೀಸುವುದನ್ನು ಮರೆತಿದ್ದರು. "ನಜರ್ ಸಿಕ್ಕಿತಾ ಅಮ್ಮಾಜೀ?" ಎಂದರು.

"ಸಿಕ್ತು ಬಾಬಾ."

ಗಾಜನ್ನು ತೆಗೆದುಹಾಕುವಂತಿರಲಿಲ್ಲ, ತೆಗೆದರೆ ಕನ್ನಡಿಗೆ ಧೂಳು. ಶಬಾನಾ ಅದನ್ನು ಬಿಡಿಸಿ, ಒಂದು ಬದಿ ತುಸು ಎತ್ತರವಾಗುವಂತೆ ವಾಲಿಸಿ ಮತ್ತೆ ಅಂಟಿಸಿದಳು. ನಿಂತ ಗೆರೆ ಆಗಲೂ ಇತ್ತು, ಆದರೆ ಚಿತ್ರದ ದಾರಿ ಬಿಟ್ಟು ಪಕ್ಕಕ್ಕೆ ಬಿತ್ತು. ಅಲ್ಲಿ ನಾನು ಒಂದು ಚೂರು ಕಪ್ಪು ಕಾಗದ ಅಂಟಿಸಿದೆ. ಲೆನ್ಸು ಒರೆಸಿದೆ, ಗೋಡೆ ಒರೆಸಿದೆ, ಗೌನುಗಳನ್ನು ಕುದಿಸಿ ಒಗೆದೆ. ಭಾನುವಾರವೂ ಕೋಣೆಯಲ್ಲಿ ಲೋಬಾನದ ವಾಸನೆ ಇತ್ತು.

ಸೋಮವಾರ ಸಮಿತಿಯವರು ವೀಳ್ಯದೆಲೆ ನೋಡಿದರು. ದೇಸಾಯಿ ಡಾಕ್ಟರಿಗೆ ಅಷ್ಟು ಸಾಲಲಿಲ್ಲ. ಕುರ್ಚಿಯಲ್ಲಿ ಕೂತು ತಮ್ಮ ಬಾಯನ್ನೇ ತೆರೆದರು. ಕೆನ್ನೆಯ ಒಳಗಿನ ಪದರಗಳು ತೆರೆಯ ಮೇಲೆ ಅಂಚಿನಿಂದ ಅಂಚಿಗೆ ಮೂಡಿದವು. ನಡುವೆ ಏನೂ ಇರಲಿಲ್ಲ. ಅವರು ಬಾಯೊರೆಸಿಕೊಂಡು ಬಹಳ ಹೊತ್ತು ನೋಡಿದರು. "ಆತು. ಇನ್ನ ಪೇಷಂಟ್ ಮ್ಯಾಲೆ ನೋಡೂಣು" ಎಂದರು. ಶಬಾನಾ ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ಹೊರಡುವಾಗ ಡಾಕ್ಟರು ನನ್ನನ್ನು ಕೇಳಿದರು, "ಟ್ರಂಕ್ ಬಿಚ್ಚತೀರಿಲ್ಲೋ ಈಗರೆ?"

ಆ ಕೊಳವೆ ಮೊದಲು ಹೋದ ಬಾಯಿಗಳಲ್ಲಿ ಒಂದು ನಮ್ಮ ಗದಗಿನ ಆಚೆಯ ರೋಣದ ಕಡೆಯ ಲಾರಿ ಡ್ರೈವರನದು. ಆಸ್ಪತ್ರೆಯ ಕುರ್ಚಿಯಲ್ಲಿ ಅವನ ತಲೆ ಹಿಡಿಯಲು ನಾನೇ ನಿಂತೆ. ಅವನು ಬೆವರುತ್ತಿದ್ದ.

"ಕೊಯ್ಯತೀರೇನ್ರಿ?"

"ಇಲ್ಲಪಾ. ನೋಡತೇವಿ ಅಷ್ಟ. ಅಲುಗಾಡಬ್ಯಾಡ."

ಅವನ ಕುತ್ತಿಗೆ ಸಡಿಲವಾಯಿತು. ಕಣ್ಣು ಮೇಲೆತ್ತಿ, "ನಮ್ಮ ಕಡೆಯವರೇನವಾ ನೀವು? ಇಲ್ಲೇನ್ ಮಾಡಾಕತ್ತೀರಿ?" ಎಂದ. ಅಷ್ಟರಲ್ಲಿ ಕೊಳವೆ ಅವನ ಬಾಯಿಗೆ ಹೋಯಿತು, ನಾನು ಅವನ ತಲೆಯನ್ನು ಗಟ್ಟಿಯಾಗಿ ಹಿಡಿದೆ.

ಅವನ ಪ್ರಶ್ನೆಗೆ ಉತ್ತರ ಈಗಲೂ ಸರಿಯಾಗಿ ಗೊತ್ತಿಲ್ಲ. ಹಳೆ ಮದ್ರಾಸು ರಸ್ತೆಯ ನಡುವೆ ಮೆಟ್ರೋದ ಕಂಬಗಳು ಏಳುತ್ತಿವೆ, ಊರೆಲ್ಲ ಅಗೆದಿದ್ದಾರೆ, ಆ ಧೂಳಿನ ಜೊತೆ ನನ್ನ ಜಗಳ ಮುಗಿಯುವುದಿಲ್ಲ. ಮೂರು ತಿಂಗಳು ಎಂದು ಬಂದವಳು ಇನ್ನೂ ಇಲ್ಲೇ ಇದ್ದೇನೆ. ಗದಗಿಗೆ ಹೋದರೆ ಅಕ್ಕ, "ಏನ ಅವಸರ ನಿನಗ, ಕುಂದ್ರು" ಎನ್ನುತ್ತಾಳೆ. ಎರಡನೆಯ ದಿನಕ್ಕೇ ಬ್ಯೂಗಲ್ ಕೇಳಲಿಲ್ಲ ಎಂದು ಎಚ್ಚರವಾಗುತ್ತದೆ. ಇಲ್ಲಿ ಆಟೋದವನು, "ಯಾವ್ ಊರಮ್ಮಾ ನಿಮ್ದು?" ಎಂದು ಇಂದಿಗೂ ಕೇಳುತ್ತಾನೆ.

ಡಾಕ್ಟರು ಕೇಳಿದ ಆ ಸಂಜೆಯೇ ಟ್ರಂಕು ತೆರೆದೆ. ಗೋಡೆಗೆ ಮೊಳೆ ಹೊಡೆದು ಸೀರೆಗಳಿಗೆ ಹಗ್ಗ ಕಟ್ಟಿದೆ. ತಳದಲ್ಲಿ ಅವ್ವನ ಇಳಕಲ್ ಸೀರೆ, ಆಸ್ಪತ್ರೆಯ ಹಳೆಯ ಬ್ಯಾಡ್ಜು, ಅಕ್ಕನ ಮನೆಯ ಹಿಂಬಾಗಿಲ ಕೀಲಿ ಇದ್ದವು. ಹೊರಗೆ ತೆಗೆಯಲು ಹೋಗಿ ಕೈ ನಿಂತಿತು. ಮುಚ್ಚಳ ಹಾಕಿ ಟ್ರಂಕನ್ನು ಮಂಚದ ಕೆಳಗೆ ಗೋಡೆಯ ಬದಿಗೆ, ನಡೆದಾಡುವಾಗ ಕಾಲಿಗೆ ತಾಗದಂತೆ ಸರಿಸಿದೆ. ಅಲ್ಲೇ ಇದೆ. ಗುಡಿಸುವಾಗ ದಿನವೂ ಒಂದು ಸಲ ಮುಟ್ಟಿ ನೋಡುತ್ತೇನೆ.